ಅಡ್ಡ ಬರಬೇಡಿ

ಹಬ್ಬುವಾಡದ ಜಗದೀಶನಿಗೆ ಅಪ್ಪ ಇಟ್ಟ ಹೆಸರು ಒಂದು, ಮದುವೆ ಮನೆಗಳು ಇಟ್ಟ ಹೆಸರು ಇನ್ನೊಂದು. ಕಾರವಾರದಿಂದ ಅಂಕೋಲೆಯ ತನಕ ಅವನು 'ಅಡ್ಡ ಜಗದೀಶ'. ವಿಡಿಯೋ ಕ್ಯಾಮೆರಾ ಹೆಗಲಿಗೇರಿಸಿ ಮಂಟಪದ ಎದುರು ನಿಂತನೆಂದರೆ ಕಲಾಪ ಮುಗಿಯುವ ತನಕ ಅವನ ಬಾಯಲ್ಲಿ ಒಂದೇ ಮಂತ್ರ: "ಅಡ್ಡ ಬರಬೇಡಿ, ಅಡ್ಡ ಬರಬೇಡಿ!" ಭಟ್ಟರಿಗೂ ಅದೇ, ಸೋದರಮಾವನಿಗೂ ಅದೇ. ಒಮ್ಮೆ ಹಿಲ್ಲೂರಿನಲ್ಲಿ ಮದುಮಗನಿಗೇ ಹಾಗೆ ಗದರಿಸಿ ಚಪ್ಪರವೆಲ್ಲ ನಗುವಂತೆ ಮಾಡಿದ್ದ.

ಹಾಗಂತ ಅವನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅವನಿಗೆ ಸ್ಟುಡಿಯೋ ಇರಲಿಲ್ಲ, ಬೋರ್ಡು ಇರಲಿಲ್ಲ. ಕರೆದವರ ಮನೆಗೆ ಹೋಗುವುದು, ತೆಗೆಯುವುದು, ಹುಬ್ಬಳ್ಳಿಗೆ ಬಸ್ಸು ಹತ್ತಿ ಮಿಕ್ಸಿಂಗ್ ಮಾಡಿಸಿ ಸೀಡಿ ತಂದುಕೊಡುವುದು. ಮೇ ತಿಂಗಳ ಸೆಕೆಗೆ ಲೆನ್ಸಿನ ಮೇಲೆ ಹಬೆ ಕೂರುತ್ತಿತ್ತು. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿ ಬಡಿದು ಗಾಜು ಮಂಕಾಗುತ್ತಿತ್ತು. ಹಿಲ್ಲೂರಿನ ಕಡೆ ಕರೆಂಟು ಮುಹೂರ್ತಕ್ಕೆ ಸರಿಯಾಗಿ ಹೋಗುತ್ತಿತ್ತು, ಯಾರೋ ಹೇಳಿಕೊಟ್ಟ ಹಾಗೆ. ಇವನ್ನೆಲ್ಲ ಅವನು ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಸುಧಾರಿಸಲಾಗದ್ದು ಜನರ ಬೆನ್ನು. ತಾಳಿ ಕಟ್ಟುವುದು ಒಂದೇ ಸಲ. ಆಗ ಯಾರದೋ ಬೆನ್ನು ಅಡ್ಡ ಬಂದರೆ ವರ್ಷಗಟ್ಟಲೆ ಬೈಸಿಕೊಳ್ಳುವವನು ಜಗದೀಶ, ಆ ಬೆನ್ನಿನ ಯಜಮಾನನಲ್ಲ.

ಎರಡು ಸಾವಿರದ ಆರರ ಮೇ ತಿಂಗಳಲ್ಲಿ ಬೇಲೇಕೇರಿಯಿಂದ ಕರೆ ಬಂತು. ಮೀನು ಮಾರುವ ಕಾಶಕ್ಕನ ಮಗಳು ಮನಿಷಾಳ ಮದುವೆ. ಕಾಶಕ್ಕನ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಗೆ ಗಂಡು ದಿಕ್ಕೆಂದರೆ ಮಗ ಸತೀಶ ಒಬ್ಬನೇ. ಬೈತಖೋಲ ಬಂದರಿನ ಬೋಟಿನಲ್ಲಿ ದುಡಿಯುವ ಆಳು, ಬಾಗಿಲಿನಷ್ಟು ಅಗಲ. ತಂಗಿಯ ಮದುವೆಯಲ್ಲಿ ಅಪ್ಪನೂ ಅವನೇ, ಅಣ್ಣನೂ ಅವನೇ, ನೀರು ಹೊರುವವನೂ ಅವನೇ.

ಅಂಗಳ ಇದ್ದದ್ದು ಒಂದು ಬಲೆ ಹರಡುವಷ್ಟು. ಅದರಲ್ಲೇ ಮಂಟಪ, ಹೋಮ, ಇನ್ನೂರು ಜನ. ಜಗದೀಶ ಬಾವಿಕಟ್ಟೆಗೆ ಬೆನ್ನು ಒತ್ತಿ ನಿಂತಿದ್ದ, ಹಿಂದೆ ಸರಿಯಲು ಗೇಣು ಜಾಗವಿರಲಿಲ್ಲ. ಸತೀಶ ಮೂರು ಸಲ ಎದುರಿಗೆ ಬಂದ. ಮೂರನೆಯ ಸಲ ಜಗದೀಶನ ತಲೆ ಕೆಟ್ಟಿತು.

"ಏ ಮಾರಾಯಾ, ಗ್ವಾಡೆ ಹಾಗೆ ಅಡ್ಡ ನಿಂತ್ರೆ ನಾನು ಯಂತಾ ತೆಗೂದು? ನಿನ್ನ ಮದ್ವೆಯಾ ಇದು?"

ಜನ ನಕ್ಕರು. ಸತೀಶ ನಾಲಿಗೆ ಕಚ್ಚಿಕೊಂಡು, "ತಪ್ಪಾಯ್ತು ಅಣ್ಣಾ, ಇನ್ನು ಬರೂದಿಲ್ಲ" ಎಂದ.

ಹಾಗೆಂದವನು ಮಾತು ಉಳಿಸಿಕೊಂಡ. ಆಮೇಲೆ ದಿನವಿಡೀ ಕ್ಯಾಮೆರಾ ಕಂಡಲ್ಲೆಲ್ಲ ಬಗ್ಗಿ, ತಲೆ ತಗ್ಗಿಸಿ, ಬದಿಯಿಂದ ನುಸುಳಿ ಹೋದ. ಅಣ್ಣ ತಂಗಿಯ ಬೊಗಸೆಗೆ ಭತ್ತದ ಅರಳು ತುಂಬುವ ಶಾಸ್ತ್ರ ಬಂತು. ಅದಕ್ಕಾದರೂ ಅವನು ಮದುಮಗಳ ಪಕ್ಕ ನಿಲ್ಲಲೇಬೇಕು. ನಿಂತರೆ ಮದುಮಗ ಮರೆಯಾಗುತ್ತಿದ್ದ. ಜಗದೀಶನೇ ಉಪಾಯ ಹೇಳಿದ: "ನೀನು ಕಂಬದ ಹಿಂದೆ ನಿಲ್ಲು, ಕೈ ಅಷ್ಟೇ ಮುಂದೆ ಮಾಡು." ಸತೀಶ ಹಾಗೇ ಮಾಡಿದ. ಬಲೆಯ ಹಗ್ಗ ಎಳೆದೆಳೆದು ಗೆರೆ ಬಿದ್ದ ಎರಡು ಒರಟು ಕೈ, ತಂಗಿಯ ಮದರಂಗಿಯ ಬೊಗಸೆ, ನಡುವೆ ಬಿಳಿ ಅರಳು. ಜಗದೀಶ ಜೀವಮಾನದಲ್ಲಿ ತೆಗೆದದ್ದರಲ್ಲೇ ಚಂದದ ದೃಶ್ಯ ಅದು. ಮುಂದೆ ಗಿರಾಕಿಗಳಿಗೆಲ್ಲ ಅದನ್ನೇ ತೋರಿಸಿ ಕೆಲಸ ಹಿಡಿದ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಇಳಿದವು. ಎರಡನೆಯ ವಾರ ಬಲೆ ಎಳೆಯುವಾಗ ತೆರೆ ಬಡಿದು ಸತೀಶ ಕಡಲಿಗೆ ಬಿದ್ದ. ಹೆಣವೂ ಸಿಗಲಿಲ್ಲ. ದರ್ಭೆಯ ಗೊಂಬೆ ಮಾಡಿ ಸುಟ್ಟರು.

ದೀಪಾವಳಿ ಕಳೆದ ಮೇಲೆ ಕಾಶಕ್ಕ ಹುಡುಕಿಕೊಂಡು ಹಬ್ಬುವಾಡಕ್ಕೆ ಬಂದಳು. ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಒಳಗೆ ಕರೆದರೂ ಬರದೆ ಅಲ್ಲೇ ಕೂತಳು.

"ತಮಾ, ಮೂರೂ ಸೀಡಿ ನೋಡ್ದೆ. ಪಕ್ಕದ್ಮನೆ ಬೀರಿಗೂ ತೋರ್ಸ್ದೆ. ಅಂವ ಎಲ್ಲೂ ಇಲ್ಲ. ಬಂದ ಕೂಡ್ಲೆ ಬಗ್ತಾನೆ, ಹೋಗ್ತಾನೆ. ಚುನಾವಣೆ ಕಾರ್ಡಲ್ಲೊಂದು ಫೋಟೋ ಅದೆ, ಅದು ಅಂವನಂಗೇ ಇಲ್ಲ. ನಗೂದು ಕಾಣ್ಬೇಕಾಗಿತ್ತು. ಸೀಡಿಗೆ ಹಾಕ್ದೆ ಬಿಟ್ಟದ್ದು ನಿನ್ನ ಕ್ಯಾಸೆಟ್ಟಲ್ಲಿ ಇರ್ತದಂತೆ, ಹೌದಾ?"

"ಇರ್ತದೆ ಕಾಶಕ್ಕಾ. ಹುಡುಕಿ ತರ್ತೆ" ಎಂದ ಜಗದೀಶ.

ಇದ್ದದ್ದು ನಿಜ. ಮನಿಷಾ ಗಂಡನ ಮನೆಗೆ ಹೊರಟಾಗ ಸತೀಶ ಕ್ಯಾಮೆರಾ ಮರೆತು, ಅಳುತ್ತಲೂ ನಗುತ್ತಲೂ ಜೀಪಿನ ಪಕ್ಕದಲ್ಲೇ, ಬೀದಿಯ ಕೊನೆಯಲ್ಲಿ ನಿಂತಿದ್ದ ಜಗದೀಶನ ತನಕ ಓಡಿದ್ದ. ಪೂರ್ತಿ ಮುಖ, ಒಂದು ನಿಮಿಷದಷ್ಟು. ಆದರೆ ಅವನು ಅಡ್ಡ ಬಂದು ಮದುಮಕ್ಕಳ ಜೀಪು ಮರೆಯಾಯಿತೆಂದು ಹುಬ್ಬಳ್ಳಿಯಲ್ಲಿ ಕೂತು ಜಗದೀಶನೇ ಅದನ್ನು ಕತ್ತರಿಸಿ, ಆ ಜಾಗಕ್ಕೆ ಕಂಪ್ಯೂಟರಿನ ಎರಡು ಗುಲಾಬಿ ಅರಳಿಸಿದ್ದ. ಮೂಗಿಗಿಂತ ಮೂಗುತಿ ಭಾರ.

ಕಪಾಟಿನ ಕ್ಯಾಸೆಟ್ಟುಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದ. ಸಿಕ್ಕಿತು. ಚೀಟಿಯ ಮೇಲೆ ತನ್ನದೇ ಅಕ್ಷರ: 'ಬೇಲೇಕೇರಿ ಮದುವೆ ೩'. ಅದರ ಮೇಲೆ ಅಡ್ಡಗೆರೆ. ಕೆಳಗೆ 'ಕದ್ರಾ ನಾಮಕರಣ'. ಸೀಡಿ ಕೊಟ್ಟಾದ ಮೇಲೆ ಹಳೆಯ ಕ್ಯಾಸೆಟ್ಟಿನ ಮೇಲೆ ಹೊಸ ಕೆಲಸ ತೆಗೆಯುವುದು ಅವನ ರೂಢಿ. ಈ ಕಸುಬಿನಲ್ಲಿ ಯಾರೂ ಮಾಡದ ಪಾಪವೇನಲ್ಲ. ಆದರೂ ಹಾಕಿ ನೋಡಿದ. ಮೊದಲಿನಿಂದ ಕೊನೆಯ ತನಕ ತೊಟ್ಟಿಲು. ಯಾರದೋ ಕೂಸು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಕೊನೆಯಲ್ಲಿ ಏನಾದರೂ ಉಳಿದಿದ್ದೀತೆಂದು ಕಾದ. ಏನೂ ಉಳಿದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜಗದೀಶ ನೆಲದ ಮೇಲೆ ಕೂತು ಅತ್ತ.

ಎಂಟು ದಿನ ಬೇಲೇಕೇರಿಯ ದಾರಿ ಹಿಡಿಯುವ ಧೈರ್ಯ ಬರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಹೋದ. ಕಾಶಕ್ಕ ಮೀನು ಮಾರಿ ಬಂದು ಟೀವಿಯ ಎದುರು ಗೋಡೆಗೊರಗಿ ಕೂತಿದ್ದಳು. ಮದುವೆಯ ಸೀಡಿ ಓಡುತ್ತಿತ್ತು. ಅವನ ಬರಿಗೈ ನೋಡಿ ಅವಳು ಕಣ್ಣನ್ನು ಮತ್ತೆ ಟೀವಿಯತ್ತ ತಿರುಗಿಸಿದಳು.

"ಕಾಶಕ್ಕಾ, ಇಲ್ಲ. ಅದ್ರ ಮೇಲೆ ಬೇರೆ ತೆಗ್ದುಬಿಟ್ಟೆ. ತಪ್ಪು ನಂದೇ. ಅಂದು ನಾನು ಅವನಿಗೆ ಬೈಯದಿದ್ರೆ..."

"ಬೈದದ್ದಕ್ಕೇನು ತಮಾ" ಎಂದಳು ಕಾಶಕ್ಕ, ಕಣ್ಣು ಪರದೆಯ ಮೇಲೇ ಇಟ್ಟು. "ನಿನ್ನ ಕೆಲ್ಸ ನೀ ಮಾಡ್ದೆ. ಅಂವಾ ಸಣ್ಣಿದ್ದಾಗಿಂದ್ಲೂ ಹಂಗೇ. ಒಂದ್ಸಲ ಬರಬೇಡ ಅಂದ್ರೆ ಮತ್ತೆ ಬತ್ತಿರ್ಲಿಲ್ಲ."

ಜಗದೀಶನಿಗೆ ಅವಳ ಕಾಲು ಹಿಡಿಯಬೇಕೆನ್ನಿಸಿತು. ಎರಡು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಶಹನಾಯಿ ಶುರುವಾಯಿತು, ಅರಳಿನ ಶಾಸ್ತ್ರ ಬಂತು. ಕಾಶಕ್ಕ ಕುತ್ತಿಗೆ ವಾಲಿಸಿ, ಅವನ ಬದಿಯಿಂದ ಇಣುಕಿದಳು.

"ಅಡ್ಡ ಬರಬೇಡ ತಮಾ, ಕೈ ಬಂತು."

ಜಗದೀಶ ಬಗ್ಗಿ, ತಲೆ ತಗ್ಗಿಸಿ ಬದಿಗೆ ಸರಿದ.