ಶುಕ್ರವಾರದ ಕಥೆಯ ಸೊಸೆ

೧೯೮೭ರ ಶ್ರಾವಣ, ಎರಡನೇ ಶುಕ್ರವಾರ. ಮಾಟುಂಗದ ನಮ್ಮ ಮನೆಯಲ್ಲಿ ಅಮ್ಮ ಪ್ರತಿ ವರ್ಷವೂ ಆ ದಿನ ಪೂಜೆ ಮುಗಿಸಿ ಒಂದು ಕಥೆ ಹೇಳುತ್ತಿದ್ದಳು. ಕಿರಿಸೊಸೆ ತನ್ನ ಪಾಲಿನ ಹೋಳಿಗೆಯನ್ನು ಹಸಿದ ಮುದುಕಿಗೆ ಕೊಡುತ್ತಾಳೆ. ಪೂಜೆಗೆ ಮೊದಲೇ ಕದ್ದು ತಿಂದೆ ಎಂದು ಅತ್ತೆ ಬೈಯುತ್ತಾಳೆ. ಸೊಸೆ ತುಟಿ ಬಿಚ್ಚುವುದಿಲ್ಲ; ಅತ್ತೆ ಅವಳನ್ನು ಹೊರಗೆ ಹಾಕುತ್ತಾಳೆ. ಮುದುಕಿಯ ವೇಷದಲ್ಲಿದ್ದ ದೇವಿ ಆ ಮೌನಕ್ಕೆ ಮೆಚ್ಚಿ ಮನೆಯ ಕಣಜ ತುಂಬಿಸುತ್ತಾಳೆ.

ಎಂ.ಎ. ತರಗತಿಗೆ ನಾನು ಆ ಕಥೆಯ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಕಥೆಯಲ್ಲಿ ಯಾರಿಗೆ ಮಾತಿದೆ, ಯಾರಿಗಿಲ್ಲ, ಯಾವುದನ್ನು ಗುಣವೆಂದು ಹೊಗಳಿದ್ದಾರೆ ಎಂದು ನೋಡುವುದನ್ನು ಆಗಷ್ಟೇ ಕಲಿತಿದ್ದೆವು. ಬೆಳಿಗ್ಗೆ ಹೂ ಕಟ್ಟುವಾಗ ನನ್ನ ಲೆಕ್ಕ ಒಪ್ಪಿಸಿದೆ: ಅತ್ತೆ ಒಂಬತ್ತು ಸಲ ಮಾತಾಡುತ್ತಾಳೆ, ಗಂಡ ಮೂರು ಸಲ, ಪಂಜರದ ಗಿಣಿ ಒಂದು ಸಲ. ಸೊಸೆ ಒಮ್ಮೆಯೂ ಇಲ್ಲ.

“ಗಿಣಿಗೂ ಡೈಲಾಗಿದೆಯಾ!” ಎಂದು ಅತ್ತಿಗೆ ನಕ್ಕಳು.

“ಸುಮ್ಮನಿದ್ದಿದ್ದಕ್ಕೇ ಕಣೇ ಕಣಜ ತುಂಬಿದ್ದು. ನಿಮ್ಮ ಪ್ರೊಫೆಸರಿಗೆ ಹೇಳು,” ಎಂದಳು ಅಮ್ಮ.

ಮೇ ತಿಂಗಳಲ್ಲಿ ಮದುವೆಯಾಗಿ ಬಂದಿದ್ದ ಅತ್ತಿಗೆಗೆ ಬಾಂದ್ರಾದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರದಿದ್ದರೆ ಕೈತಪ್ಪುತ್ತಿತ್ತು. ಅಮ್ಮನನ್ನು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಅಣ್ಣ “ನೀನೇ ಕೇಳು” ಎಂದು ಲೋಕಲ್ ರೈಲು ಹಿಡಿಯಲು ಓಡುತ್ತಿದ್ದ.

ನಮ್ಮಲ್ಲಿ ಅಕ್ಷತೆ ಹಿಡಿದು ಕಥೆ ಕೇಳುವವರು ಮಾತುಮಾತಿಗೂ ಹೂಂಗುಟ್ಟಬೇಕು. ಇಲ್ಲದಿದ್ದರೆ ಕಥೆ ಮುಂದುವರಿಸುವ ಹಾಗಿಲ್ಲ. ಆ ವರ್ಷ, ಪೂಜೆ ಮುಗಿದು ಕಥೆ ಶುರುವಾದಾಗ, ಅಕ್ಷತೆ ಅತ್ತಿಗೆಯ ಕೈಯಲ್ಲಿತ್ತು.

“ಸೊಸೆ ತುಟಿ ಬಿಚ್ಚಲಿಲ್ಲ,” ಎಂದಳು ಅಮ್ಮ.

ಅತ್ತಿಗೆ ಹೂಂ ಅನ್ನಲಿಲ್ಲ.

“ಹೂಂ ಅನ್ನಮ್ಮ, ಅರ್ಧಕ್ಕೆ ನಿಲ್ಲಿಸಬಾರದು.”

“ಅವಳು ಹೇಳಿದ್ರೆ ಅತ್ತೆ ಕೇಳ್ತಿರಲಿಲ್ವಾ?”

ಅಮ್ಮ ದೀಪದ ಬತ್ತಿ ಸರಿಮಾಡಿದಳು. “ನಮ್ಮತ್ತೆ ನನಗೆ ಹೇಳಿದ್ದು ಹೀಗೇ. ನಾನು ಇದೆಲ್ಲ ಕೇಳಲಿಲ್ಲ.” ಅತ್ತಿಗೆಯ ಮುಖ ನೋಡಿ, “ನಿನಗೇನಾದ್ರೂ ಹೇಳೋದಿದೆಯೇನೇ?” ಎಂದಳು.

“ಬಾಂದ್ರಾದಲ್ಲಿ ಕೆಲಸ ಸಿಕ್ಕಿದೆ ಅತ್ತೆ. ಸೋಮವಾರ ಸೇರಬೇಕು. ಹೋಗಲಾ?”

“ಎಷ್ಟು ಹೊತ್ತಿಗೆ ಹೊರಡಬೇಕು?”

“ಎಂಟೂವರೆಗೆ.”

“ಡಬ್ಬಿಗೆ ಚಪಾತಿ ಸಾಕು ತಾನೆ? ಅಷ್ಟೊತ್ತಿಗೆ ನನ್ನ ಕೈಲಿ ಹುಳಿ ಆಗಲ್ಲಮ್ಮ.”

ಅತ್ತಿಗೆ ತಲೆಯಾಡಿಸಿದಳು. ಅಮ್ಮ ಮತ್ತೆ ಕಥೆಗೆ ಬಂದಳು: “ಸೊಸೆ ಹೇಳಿದಳು, ನಾನು ತಿನ್ನಲಿಲ್ಲ ಅತ್ತೆ, ಹಸಿದವಳಿಗೆ ಕೊಟ್ಟೆ.”

“ಹೂಂ!”

ಅಮ್ಮ ಅಲ್ಲಿಗೇ ನಿಲ್ಲಿಸಿದಳು. ನನ್ನತ್ತ ತಿರುಗಿ, “ಇನ್ನು ಇವಳನ್ನ ಹೊರಗೆ ಹಾಕೋದು ಹೇಗೇ?” ಎಂದಳು.

“ಹಾಕಬೇಡ. ಆ ಮುದುಕಿಯನ್ನೇ ಒಳಗೆ ಕರಿ.”

ಆ ವರ್ಷದ ಕಥೆಯಲ್ಲಿ ದೇವಿ ಒಳಗೆ ಬಂದು ಹೋಳಿಗೆಗೆ ಕೂತಳು.