ಕಿಲಾರಿ ಪಾಲಣ್ಣ ಹೂಂ ಅಂದದ್ದು

ಗುಡ್ಡದ ಬುಡದಲ್ಲಿ ಕರಡಿ ಎದುರಾದಾಗ ಕೋಲು ನೆಲಕ್ಕೆ ಕುಟ್ಟಿ "ಹೋಗತ್ಲಾಗೆ, ನಂಗೆ ದನ ಕಾಯೋ ಕೆಲ್ಸ ಐತೆ" ಎಂದು ಗದರಿದ ಮನುಷ್ಯ ಪಾಲಣ್ಣ. ಅಂಥವನು ಈ ಚಳಿಗಾಲದಲ್ಲಿ ಅಂಗೈಯಗಲದ ಫೋನಿಗೆ ಹೆದರತೊಡಗಿದ. ಹಟ್ಟಿಯ ಕಟ್ಟೆಯ ಮೇಲೆ ಇಬ್ಬರು ಫೋನು ನೋಡಿ ನಕ್ಕರೆ ಸಾಕು, ನಡೆಯುತ್ತಿದ್ದವನು ಅಲ್ಲೇ ನಿಂತುಬಿಡುತ್ತಿದ್ದ. ಏನದು ಎಂದು ಕೇಳಲು ಬಾಯಿ ಬಾರದು, ಕೇಳದೆ ಇರಲು ಜೀವ ತಡೆಯದು. ಎಮ್ಮೆಯೊಂದು ಹಾಡಿಗೆ ತಲೆ ಆಡಿಸುವುದನ್ನು ನೋಡಿ ನಗುತ್ತಿದ್ದಾರೆಂದು ಗೊತ್ತಾದ ಮೇಲೇ ಉಸಿರು ಬಿಟ್ಟು ಮುಂದೆ ಹೋಗುತ್ತಿದ್ದ.

ಪಾಲಣ್ಣ ಮ್ಯಾಸ ನಾಯಕರವನು. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಒಂದು ಹಟ್ಟಿಗೆ ಅವನು ಕಿಲಾರಿ, ಅಂದರೆ ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳನ್ನು ಯಾರೂ ನೇಗಿಲಿಗೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಮುಳ್ಳಿನ ಬೇಲಿ ಕಟ್ಟಿದ ಅವುಗಳ ರೊಪ್ಪದೊಳಗೆ ಚಪ್ಪಲಿ ಮೆಟ್ಟಿ ಕಾಲಿಡುವಂತಿಲ್ಲ. ಮ್ಯಾಸರಿಗೆ ಮೊದಲಿಂದಲೂ ಕೋಳಿ ವರ್ಜ್ಯ. ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ. ಈಗಿನ ಹುಡುಗರು ಪೇಟೆಗೆ ಹೋದಾಗ ಏನು ತಿಂದು ಬಾಯಿ ಒರೆಸಿಕೊಂಡು ಬರುತ್ತಾರೋ ಆ ದೇವರೇ ಬಲ್ಲ. ಕಿಲಾರಿಗೆ ಮಾತ್ರ ಕೋಳಿಯ ನೆರಳೂ ಆಗದು. ಕೋಳಿ ಮುಟ್ಟಿದ ಕೈಯಲ್ಲಿ ಅವನು ಎತ್ತು ಮುಟ್ಟಿದನೋ, ಹಟ್ಟಿಯವರು ಅವನ ಕೈಯಿಂದ ಕೋಲು ಕಿತ್ತುಕೊಳ್ಳುತ್ತಾರೆ. ಅಪ್ಪ ಸತ್ತಾಗ ಮೀಸೆ ಬಾರದ ವಯಸ್ಸಿನಲ್ಲಿ ಪಾಲಣ್ಣನ ಕೈಗೆ ಬಂದ ಕೋಲು ಅದು. ಅದು ಹೋದರೆ ಅವನನ್ನು ಯಾರು ಏನೆಂದು ಕರೆಯಬೇಕು?

ಇಷ್ಟಕ್ಕೆಲ್ಲ ಕಾರಣ ಮೊಮ್ಮಗಳು ಸ್ವಪ್ನಳ ಶಾಲೆಯ ಪ್ರವಾಸ. ಹೆದ್ದಾರಿ ಪಕ್ಕದ ಯಾವುದೋ ನೀರಿನಾಟದ ಪಾರ್ಕಿಗೆ ಬಸ್ಸು ಹೊರಟಿತ್ತು. ಸಣ್ಣ ಮಕ್ಕಳ ಜೊತೆ ಮನೆಯವರೊಬ್ಬರು ಬರಲೇಬೇಕೆಂದು ಜ್ಯೋತಿಲಕ್ಷ್ಮಿ ಟೀಚರ್ ಹೇಳಿದ್ದರು. ಮಗಳು ಕಾಂಚನಾ ಬಾಣಂತಿ. ಅಳಿಯ ಮಹಾಂತೇಶ, ಪಾಲಣ್ಣನ ಅಕ್ಕನ ಮಗನೇ ಆತ, ತಾನು ಹೋಗುತ್ತೇನೆಂದ. ಆದರೆ ಸ್ವಪ್ನ ನೆಲಕ್ಕೆ ಬಿದ್ದು ಹೊರಳಿದಳು. "ತಾತ ಬಂದ್ರೇನೇ ಹೋಗೋದು!" ಹಟ್ಟಿಯ ಯಜಮಾನ ಬೊಮ್ಮಣ್ಣನೇ ನಕ್ಕು, "ಒಂದಿನ ಎತ್ತು ಮಹಾಂತೇಶ ನೋಡ್ಕಂತಾನೆ, ಹೋಗ್ಬಾರೋ" ಎಂದ.

ಹೋದ. ನೀರು ಆಕಾಶದಿಂದ ಸುರಿಯುವುದನ್ನು, ದೊಡ್ಡ ದೊಡ್ಡವರು ಕೊಳವೆಯಲ್ಲಿ ಜಾರಿ ಕಿರುಚುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ. ನೀರು ಸಿಡಿದು ಕನ್ನಡಕ ಮಂಜಾಯಿತೆಂದು ತೆಗೆದು ಜೇಬಿಗಿಟ್ಟ. ಅಷ್ಟರಲ್ಲಿ ಹಳದಿ ಬಣ್ಣದ ಆಳೆತ್ತರದ ಆಕಾರವೊಂದು ಕುಣಿಯುತ್ತ ಬಂತು. ತಲೆಯ ಮೇಲೆ ಕೆಂಪಗೆ ಏನೋ ಕಂಡಿತು. ಹಗಲುವೇಷದವನು, ಕೆಂಪು ಪೇಟ ಸುತ್ತಿದ್ದಾನೆ ಎಂದುಕೊಂಡ ನಮ್ಮ ಪಾಲಣ್ಣ! ಹಗಲುವೇಷದವರು ಹಟ್ಟಿಗೆ ಬಂದರೆ ಜೋಳ ಕೊಟ್ಟು ಗೌರವದಿಂದ ಕಳಿಸುವುದು ವಾಡಿಕೆ. ಇಲ್ಲಿ ಜೋಳ ಎಲ್ಲಿಂದ ತರುವುದು? ಅದಕ್ಕೇ ಅವನ ಹೆಗಲ ಮೇಲೆ ಕೈಯಿಟ್ಟು, "ಚೆಂದ ಕುಣೀತೀಯಪ್ಪ, ಯಾವೂರು?" ಎಂದು ಕೇಳಿದ. ಸ್ವಪ್ನ ಆ ಕಡೆಯಿಂದ ತಬ್ಬಿಕೊಂಡಳು. ಪಾರ್ಕಿನವರೂ ಟೀಚರೂ ಫೋಟೋ ಹೊಡೆದುಕೊಂಡರು.

ಕೈಯಲ್ಲಿ ಸ್ಲೇಟಿನಂಥದ್ದು ಹಿಡಿದ ಹುಡುಗಿಯೊಬ್ಬಳು ಬಂದಳು. "ತಾತಾ, ಈ ಫೋಟೋನ ನಮ್ಮ ಪಾರ್ಕಿನ ಜಾಹೀರಾತಿಗೆ ಹಾಕ್ಕೊಬಹುದಾ? ಬೋರ್ಡಲ್ಲಿ, ಫೋನಲ್ಲಿ ಎಲ್ಲಾ ಬರುತ್ತೆ. ಮಗುಗೆ ನೀವೇ ದೊಡ್ಡವರಲ್ವಾ, ನೀವೇ ಹೇಳ್ಬೇಕು. ಬೇಡ ಅಂದ್ರೆ ಹಾಕಲ್ಲ."

ಪಾಲಣ್ಣ ಅವಳ ಮುಖವನ್ನೇ ನೋಡಿದ. ಹಟ್ಟಿಯಲ್ಲಿ ಎಲ್ಲೆಲ್ಲಿಂದಲೋ ಕ್ಯಾಮೆರಾ ಹೊತ್ತವರು ರೊಪ್ಪದ ಬಾಗಿಲಿಗೆ ಬರುತ್ತಿದ್ದರು. ಆ ಕಡೆ ತಿರುಗಯ್ಯ, ಕೋಲು ಎತ್ತಯ್ಯ ಎಂದು ಅವನನ್ನೂ ಎತ್ತುಗಳನ್ನೂ ಒಂದೇ ಥರ ಗದರಿ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ಒಮ್ಮೆ ಚಳ್ಳಕೆರೆಯ ಗೊಬ್ಬರದಂಗಡಿಯಲ್ಲಿ ಕ್ಯಾಲೆಂಡರಿನ ಮೇಲೆ ತನ್ನದೇ ಮುಖ ನೋಡಿ ಬೆಪ್ಪಾಗಿ ನಿಂತಿದ್ದ. ಒಬ್ಬ, ಒಬ್ಬನಾದರೂ ಕೇಳಿದ್ದನೇ? ಈ ಹುಡುಗಿ ಕೇಳುತ್ತಿದ್ದಾಳೆ. "ಹೂಂ ತಾಯಿ, ಹಾಕ್ಕಾ" ಎಂದು ಅವಳು ತೋರಿಸಿದ ಕಡೆ ಬೆರಳೊತ್ತಿದ.

ಹೊತ್ತು ಇಳಿಯುವಾಗ ಬಸ್ಸಿನಲ್ಲಿ ಟೀಚರ್ ಫೋನು ತೆಗೆದು ಮಕ್ಕಳಿಗೆ ಫೋಟೋ ತೋರಿಸಿದರು. "ಏಯ್, ಸ್ವಪ್ನನ ತಾತ! ಹುಂಜದ ಜೊತೆ!" ಎಂದು ಇಡೀ ಬಸ್ಸು ಕೇಕೆ ಹಾಕಿತು. ಪಾಲಣ್ಣ ಕನ್ನಡಕ ಹಾಕಿಕೊಂಡ. ಕೆಂಪು ಜುಟ್ಟು. ಕೊಕ್ಕು. ಗಂಟಲ ಕೆಳಗೆ ಜೋಲಾಡುವ ಚರ್ಮ. ಅದರ ಹೆಗಲ ಮೇಲೆ ಅವನದೇ ಕೈ.

"ಅಮ್ಮಾ, ಇದನ್ನ ಅಳಿಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಚೆನ್ನಾಗಿ ಬಂದೈತಲ್ರೀ" ಎಂದ ಟೀಚರ್ ಅವನ ಮುಖ ನೋಡಿ ಸುಮ್ಮನೆ ಅಳಿಸಿದರು. ಆದರೆ ಪಾರ್ಕಿನವರ ಹತ್ತಿರ ಇರುವುದನ್ನು ಅಳಿಸುವವರು ಯಾರು? ಹೂಂ ಅಂದುಬಿಟ್ಟಿದ್ದನಲ್ಲ! ಮನೆಯಲ್ಲಿ ಹೇಳಬೇಡವೆಂದು ಮೊಮ್ಮಗಳ ಕಿವಿಯಲ್ಲಿ ಉಸುರಿದ. "ಯಾಕೆ ತಾತ, ನಾವೇನ್ ತಪ್ಪು ಮಾಡಿದ್ವಿ?" ಎಂದು ಅವಳು ಕೇಳಿದಳು.

ಹಟ್ಟಿಗೆ ಬಂದವನು ರೊಪ್ಪದ ಬಾಗಿಲವರೆಗೆ ಹೋಗಿ ನಿಂತ. ಎತ್ತುಗಳು ವಾಸನೆ ಹಿಡಿದು ತಲೆ ಎತ್ತಿದವು. ಒಳಗೆ ಹೋಗದೆ ಅವನು ಹಿಂದಿರುಗಿದ. ಸೊಂಟ ಹಿಡಿದುಕೊಂಡಿದೆ, ಬಸ್ಸಿನಲ್ಲಿ ಕುಲುಕಿತು ಎಂದು ಎಲ್ಲರಿಗೂ ಹೇಳಿದ. ಮೇವು ನೀರು ಮಹಾಂತೇಶನ ಪಾಲಾಯಿತು. ಹೆಂಡತಿ ಬೋರಕ್ಕ ಹರಳೆಣ್ಣೆ ಕಾಯಿಸಿ ತಂದು, ಏನೂ ಆಗದ ಸೊಂಟವನ್ನು ದಿನಾ ತಿಕ್ಕಿದಳು. "ಇಲ್ಲೇನಾ ನೋವು? ಇಲ್ಲಾ?" ಎಂದು ಅವಳು ಕೇಳುವಾಗ ಅವನಿಗೆ ನಾಚಿಕೆಯಿಂದ ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸುತ್ತಿತ್ತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. "ಎಂಥಾ ಸೊಂಟವಪ್ಪ ಇದು, ಊಟಾನೂ ಬ್ಯಾಡ ಅಂತೈತೆ" ಎಂದು ಬೋರಕ್ಕ ಗೊಣಗಿದಳು.

ಕಡೆಗೆ ಮಹಾಂತೇಶನೊಬ್ಬನಿಗೆ ಬಾಯಿ ಬಿಟ್ಟ. ಅವನು ನಕ್ಕೇಬಿಟ್ಟ. "ಮಾವ, ಅದು ಬಟ್ಟೆ. ಒಳಗಿರೋನು ಮನುಷ್ಯ. ಇದ್ಯಾವ ಮೈಲಿಗೆ?"

"ದೇವರ ಪಟಾನೂ ಕಾಗದಾನೇ. ತುಳೀತೀಯೇನ್ಲಾ?"

ಮಹಾಂತೇಶನ ನಗು ನಿಂತಿತು. ಪಾರ್ಕಿನ ನಂಬರು ಹುಡುಕಿ ಫೋನು ಹಚ್ಚಿದ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ಆದರೆ ಕೊಟ್ಟವರೇ ಮಾತಾಡಬೇಕು ಎಂದಳು ಆ ಕಡೆಯ ಹುಡುಗಿ. ಪಾಲಣ್ಣ ಫೋನು ಕಿವಿಗಿಟ್ಟುಕೊಂಡ. "ಯಾವ ಫೋಟೋ ಸರ್? ಗುರುತು ಹೇಳಿ." ಹೇಳಬೇಕೆನ್ನುವಷ್ಟರಲ್ಲಿ ಯಜಮಾನ ಬೊಮ್ಮಣ್ಣ ಬೇಲಿ ಬಳಸಿ ಬಂದು ಎದುರಿಗೇ ನಿಂತ. ಪಾಲಣ್ಣ ದನಿ ತಗ್ಗಿಸಿದ. "ಹಳದೀದು ತಾಯಿ... ಹಳದೀದು." ಫೋನಿನ ದನಿಯೋ, ಸತ್ತವರನ್ನು ಎಬ್ಬಿಸುವಂತಿತ್ತು. "ಹಳದಿ ಬಾತುಕೋಳಿನಾ ಸರ್, ಹುಂಜನಾ?" ಅವನು ಬೆಂಕಿ ಮುಟ್ಟಿದವನಂತೆ ಫೋನನ್ನು ಅಳಿಯನ ಕೈಗೆ ಎಸೆದ. ಬೊಮ್ಮಣ್ಣ ಇಬ್ಬರನ್ನೂ ನೋಡಿದ. ಸೊಂಟ ಹೇಗಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ. ಕೇಳಿಸಿತೋ ಇಲ್ಲವೋ? ಆ ಯೋಚನೆಯೊಂದೇ ಪಾಲಣ್ಣನನ್ನು ಅರ್ಧ ಮಾಡಿತು.

ಹಳ್ಳದ ಆಚೆ ಹೋಗಿ ಮತ್ತೆ ಮಾಡಿದಾಗ ಹುಡುಗಿ ಪಾಪ, ಸಮಾಧಾನವಾಗಿಯೇ ಮಾತಾಡಿದಳು. ಹೊಸದಾಗಿ ಎಲ್ಲೂ ಬಳಸದಂತೆ ಹೇಳುತ್ತೇನೆ ಸರ್, ಆದರೆ ಬೋರ್ಡುಗಳು ಆಗಲೇ ಪ್ರಿಂಟಿಗೆ ಹೋಗಿವೆ, ನಿಮ್ಮ ಚಳ್ಳಕೆರೆಯಲ್ಲೂ ನಾಡಿದ್ದು ಒಂದು ಏರುತ್ತದೆ, ಅದರಲ್ಲಿ ಯಾರ ಫೋಟೋ ಇದೆಯೋ ನನಗೆ ತಿಳಿಯದು ಎಂದಳು.

ಚಳ್ಳಕೆರೆ! ಹಟ್ಟಿಯ ಅರ್ಧ ಜನ ದಿನಾ ಕಾಲಿಡುವ ಊರು. ಬೋರ್ಡು ಏರುವ ದಿನ ಪಾಲಣ್ಣ ಬೆಳಿಗ್ಗೆಯೇ ಬಸ್ಸು ಹತ್ತಿ ಹೋದ. ರಸ್ತೆಯಾಚೆಯ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತ. ಏಣಿ ಹತ್ತಿದ ಇಬ್ಬರು ಸುರುಳಿ ಸುತ್ತಿದ್ದ ಫ್ಲೆಕ್ಸನ್ನು ಮೇಲಿಂದ ಬಿಚ್ಚತೊಡಗಿದರು. ಮೊದಲು ನೀಲಿ ಆಕಾಶ. ಆಮೇಲೆ ಕೆಂಪು ಜುಟ್ಟು. ಪಾಲಣ್ಣ ದಡಕ್ಕನೆ ಎದ್ದುನಿಂತ, ಟೀ ಪಂಚೆಯ ಮೇಲೆ ಚೆಲ್ಲಿತು. ಹಳದಿ ಮುಖ. ಗಾಳಿ ಬೀಸಿ ಫ್ಲೆಕ್ಸು ಮಡಚಿಕೊಂಡಿತು. ಮೇಲಿದ್ದವನು ಕೆಳಗಿದ್ದವನನ್ನು ಬೈದ. ಯಪ್ಪಾ, ಬೇಗ ಬಿಚ್ಚಿ ಸಾಯ್ರೋ ಎಂದು ಪಾಲಣ್ಣ ಹಲ್ಲು ಕಚ್ಚಿದ. ಕೊನೆಗೂ ಬಿಚ್ಚಿಕೊಂಡಿತು. ಹುಂಜದ ಪಕ್ಕದಲ್ಲಿ ಯಾರೋ ಗಂಡ ಹೆಂಡತಿ, ಅವರ ಮಗು. ಅವನೂ ಅಲ್ಲ, ಅವನ ಗುರುತಿನವರೂ ಅಲ್ಲ.

ಅವನು ಜೋರಾಗಿ ನಕ್ಕ. ಅಂಗಡಿಯವನು ತಿರುಗಿ ನೋಡಿದ. ಇನ್ನೊಂದು ಟೀ ಕುಡಿದು, ಮೊಮ್ಮಗಳಿಗೆ ಮಂಡಕ್ಕಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ಹಟ್ಟಿಗೆ ಇಳಿದವನು ಮನೆಗೂ ಹೋಗದೆ ನೆಟ್ಟಗೆ ರೊಪ್ಪಕ್ಕೆ ನಡೆದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಹಿರಿಯ ಎತ್ತು ತಾನಾಗಿ ಬೇಲಿಯವರೆಗೆ ಬಂದು ಕತ್ತು ಚಾಚಿತು. ಪಾಲಣ್ಣ ಕೈ ಎತ್ತಿದ. ಕೈ ಅಲ್ಲೇ ನಿಂತಿತು. ಬೋರ್ಡಿನ ಮೇಲೆ ಇಲ್ಲ ಅಂದ ಮಾತ್ರಕ್ಕೆ ಮುಟ್ಟಿದ್ದು ಸುಳ್ಳಾಯಿತೇ? ಹಟ್ಟಿಯ ಕಣ್ಣು ತಪ್ಪಿಸಬಹುದು. ಈ ಮೂಗಪ್ರಾಣಿಗೆ ಏನೆಂದು ಹೇಳುವುದು? ಚಪ್ಪಲಿಯನ್ನೂ ಮೆಟ್ಟದೆ, ಬೇಲಿಗೆ ಒರಗಿಸಿದ್ದ ಕೋಲು ಹಿಡಿದು ಅವನು ಬೊಮ್ಮಣ್ಣನ ಮನೆಗೆ ಹೋದ.

ಕಟ್ಟೆಯ ಮೇಲೆ ಹಿರಿಯರು ಸೇರಿದರು. ಹೆಂಗಸರು ಗೋಡೆಯ ಮರೆಗೆ ನಿಂತರು. ಬೊಮ್ಮಣ್ಣ ಗಡಿ ಕಡೆಯ ತೆಲುಗಿನಲ್ಲಿ "ಏಮಿರಾ ಪಾಲಾ", ಏನೋ ವಿಷಯ, ಎಂದಷ್ಟೇ ಕೇಳಿದ. ಪಾಲಣ್ಣ ಕನ್ನಡಕ ತೆಗೆದದ್ದರಿಂದ ಹಿಡಿದು ಟೀ ಚೆಲ್ಲಿದ್ದರವರೆಗೆ ಎಲ್ಲವನ್ನೂ ಹೇಳಿದ. ಬೋರಣ್ಣನೆಂಬ ಹಿರಿಯನಿಗೆ ನಗು ತಡೆಯಲಿಲ್ಲ. ಯಜಮಾನನ ಕಣ್ಣು ನೋಡಿ ಟವೆಲ್ಲು ಬಾಯಿಗೆ ತುರುಕಿಕೊಂಡ.

"ಗೊತ್ತಿಲ್ದೆ ಮುಟ್ದೆ. ಅದಕ್ಕೆ ಹಳ್ಳದ ನೀರು ಐತೆ, ಗಂಜಲ ಐತೆ" ಎಂದ ಬೊಮ್ಮಣ್ಣ. "ಗೊತ್ತಾದ ಮ್ಯಾಲೆ ಸೊಂಟ ಸೊಂಟ ಅಂತ ಸುಳ್ಳು ಹೇಳ್ಕಂಡು ತಿರುಗಿದೆಯಲ್ಲ, ಅದನ್ನ ಯಾವ ನೀರಲ್ಲಿ ತೊಳೀಲಿ? ಕೋಲು ಕೆಳಗಿಡು."

ಪಾಲಣ್ಣ ಕೋಲು ಕೆಳಗಿಟ್ಟ. ಇಷ್ಟು ದಿನ ಹೆದರಿದ್ದು ಇದಕ್ಕೇ. ಅವನಿಗೆ ದುಃಖ ಉಕ್ಕಿ ಬಂತು. ಹಿರಿಯರ ಎದುರು ಮಗುವಿನ ಹಾಗೆ ಅತ್ತುಬಿಟ್ಟ.

ಬೊಮ್ಮಣ್ಣ ಮಹಾಂತೇಶನ ಕಡೆ ನೋಡಿದ. "ನೀನು ಹಿಡೀತೀಯೇನೋ?" ಮಹಾಂತೇಶ ಕೈಮುಗಿದ. "ಈ ನಾಕು ದಿನಕ್ಕೇ ಸಾಕಾಯ್ತು ಯಜಮಾನ್ರೆ." ಬೋರಣ್ಣ ತನ್ನ ಮಗನ ಹೆಸರು ಬರುವ ಮೊದಲೇ ಎದ್ದು ಎಲೆಯಡಿಕೆ ಉಗುಳಲು ಹೋದ. ಬೊಮ್ಮಣ್ಣ ಪಾಲಣ್ಣನ ಕಡೆ ತಿರುಗಿದ.

"ಹಂಗಾರೆ ಮಿಂದು ಬಾ. ನಿನ್ನನ್ನೇ ಹೊಸದಾಗಿ ಕೂರಿಸ್ತೀವಿ. ಹೊಸಬನ್ನ ಕೂರಿಸುವಾಗ ಕೇಳಿ ಕೂರಿಸ್ಬೇಕು, ಅದು ರೂಢಿ. ನಿಮ್ಮಪ್ಪ ಸತ್ತಾಗ ನೀನು ಅಳ್ತಾ ನಿಂತಿದ್ದೆ. ಆಗ ಯಜಮಾನ ಆಗಿದ್ದ ನಮ್ಮಪ್ಪ ಕೇಳ್ಲಿಲ್ಲ, ಕೋಲು ಕೈಗಿಟ್ಟ, ಅಷ್ಟೇ. ಈಗ ಕೇಳ್ತೀನಿ. ದೇವರ ಎತ್ತು ಕಾಯ್ತೀಯೇನಪ್ಪಾ? ಆಗಲ್ಲ ಅಂದ್ರೆ ಯಾರೂ ಏನೂ ಅನ್ನಂಗಿಲ್ಲ."

ಎಲ್ಲರೂ ಹೂಂ ಎಂಬ ಮಾತಿಗೆ ಕಾದರು. ಪಾಲಣ್ಣನೂ ಕಾದ. ಅದು ತಾನಾಗಿ ನಾಲಿಗೆಗೆ ಬರುತ್ತದೆಂದು ನಂಬಿದ್ದ. ಬರಲಿಲ್ಲ. ಕಾಂಚನಾ ಹುಟ್ಟಿದಾಗ ಅವನು ಗುಡ್ಡದಲ್ಲಿದ್ದ. ಬೋರಕ್ಕನ ತಂದೆ ತೀರಿಕೊಂಡಾಗ ಮಣ್ಣು ಹಾಕಲೂ ಹೋಗಿರಲಿಲ್ಲ, ಎತ್ತಿಗೆ ಮೈ ಸರಿಯಿರಲಿಲ್ಲ. ಅವಳು ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಮಗಳ ಮದುವೆಗೂ ಒಬ್ಬಳೇ ಓಡಾಡಿದಳು. ಕೋಲು ಹಿಡಿದವನು ಇವನು, ಅದರ ಭಾರ ಹೊತ್ತವಳು ಅವಳು.

"ಏನೋ, ಬಾಯಿ ಬಿಡು" ಎಂದ ಬೊಮ್ಮಣ್ಣ.

ಪಾಲಣ್ಣ ಕಣ್ಣೊರೆಸಿಕೊಂಡು ಗೋಡೆಯ ಕಡೆ ನೋಡಿದ. "ನಾಳೆವರ್ಗೂ ತಡೀರಿ ಯಜಮಾನ್ರೆ. ಬೋರಕ್ಕನ್ನ ಒಂದ್ಮಾತು ಕೇಳ್ಬೇಕು. ಅವಳನ್ನ ಯಾರೂ ಕೇಳಿಲ್ಲ."

ಗೋಡೆಯ ಮರೆಯಲ್ಲಿ ಬೋರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲಕ್ಕೆ ಕುಸಿದು ಕುಳಿತಳು.