ಗೋಡೆಗೆ ಕೂಸನ್ನು ತೋರಿಸಿದ್ದು

ಜರ್ಮನಿಯ ಹ್ಯಾನೋವರ್‌ನಿಂದ ಮಗನ ಜೊತೆ ಬಸ್ಸಿನಲ್ಲಿ ಈ ಹಳ್ಳಿಗೆ ಬಂದು, ಚರ್ಚಿನ ಮುಂದಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೂರಾರು ವರ್ಷದ ಹಿಂದಿನ ಕಟ್ಟಡವಂತೆ. ಗಾರೆ ಬಳಿದಿಲ್ಲ, ಬುಡದಿಂದ ಗೋಪುರದ ತನಕ ಬರೀ ಕೆಂಪು ಇಟ್ಟಿಗೆ. ಮೊಮ್ಮಗಳು ಮಡಿಲಲ್ಲಿ ಮಲಗಿದ್ದಾಳೆ. ದಿನ ತುಂಬದೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸು ಇವತ್ತೇ ಮೊದಲ ಸಲ ಊರು ನೋಡಲು ಹೊರಟದ್ದು. ನನ್ನ ಸಂತೋಷಕ್ಕೆ ಎದೆ ಸಾಲದು.

ಬಾಗಿಲ ಪಕ್ಕದ ಇಟ್ಟಿಗೆಗಳಲ್ಲಿ, ಕೈಗೆಟಕುವ ಎತ್ತರದಲ್ಲಿ, ಸಣ್ಣ ಸಣ್ಣ ದುಂಡು ಕುಳಿಗಳಿದ್ದವು. ಹಿಂದೆ ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಇಲ್ಲಿ ಕೆರೆದು ಇಟ್ಟಿಗೆಯ ಪುಡಿಯನ್ನು ಔಷಧಿಯೆಂದು ಒಯ್ಯುತ್ತಿದ್ದರೆಂದು ಚರ್ಚಿನ ಬೀಗ ತೆಗೆಯುವ ಮುದುಕಿ ಹೇಳಿದ್ದನ್ನು ಮಗ ನನಗೆ ತಿಳಿಸಿದ. ನಾವು ಗುಡಿಯಿಂದ ಅಂಗಾರ ತಂದು ಮಕ್ಕಳ ಹಣೆಗೆ ಹಚ್ಚುವ ಹಾಗೆಯೇ. ನಾನೊಂದು ಕುಳಿಗೆ ಬೆರಳಿಟ್ಟೆ. ಕೆರೆಯುತ್ತೇನೆಂದುಕೊಂಡು ಮುದುಕಿ "ನೈನ್, ನೈನ್", ಬೇಡ ಬೇಡ, ಎಂದು ತಡೆದಳು.

"ಅವ್ವಾ, ಕೆರಿಬಾರ್ದಂತ. ಫೈನ್ ಹಾಕಸ್ತೀ ಈಗ ನನಗ," ಎಂದ ಮಗ.

"ಬೇಡಾಕ ಬಂದಿಲ್ಲಪಾ ನಾನು. ಕೂಸು ಉಳೀತು, ತೋರ್ಸಾಕ ಬಂದೀನಿ. ಹಂಗ ಹೇಳು ಆಕಿಗೆ."

ಅವನು ಹೇಳಿದ. ಮುದುಕಿ ತಾನೇ ಕೂಸಿನ ಕೈ ಹಿಡಿದು ಒಂದು ಕುಳಿಯೊಳಗೆ ಇಟ್ಟಳು. ಪುಟ್ಟ ಮುಷ್ಟಿ ಪೂರಾ ಅದರೊಳಗೆ ಹಿಡಿಸಿತು.